ಸುಮ್ಮನೆ ಕೂರುವ ನಾಟಕ

ಕಾರಿಡಾರಿಗೆ ಕಾಲಿಟ್ಟ ಕೂಡಲೇ ಫಿನಾಯಿಲ್ ವಾಸನೆ ಬಡಿಯಿತು. ಮೂಗಿಗಿಂತ ಮೊದಲು ನನ್ನ ಬಲಗಾಲಿಗೆ ಗೊತ್ತಾಯಿತು ಅಂತ ಕಾಣುತ್ತದೆ, ಅದು ತಾನಾಗಿಯೇ ಕುಣಿಯತೊಡಗಿತು. ಸಿಂಗಸಂದ್ರದ ನನ್ನ ಹಳೆಯ ಸ್ಕೂಲು. ಪ್ರಿನ್ಸಿಪಾಲ್ ಮೇಡಂ ಕೋಣೆಯ ಹೊರಗೆ ಅದೇ ಮರದ ಬೆಂಚು. ಹತ್ತನೇ ಕ್ಲಾಸಿನ ವರ್ಷ ನಾನು ಕ್ಲಾಸಿನೊಳಗೆ ಕೂತದ್ದಕ್ಕಿಂತ ಈ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಅದರ ಒಂದು ಕಾಲು ಗಿಡ್ಡ. ನನ್ನ ಕಾಲು ಅಲ್ಲಾಡಿದರೆ ಬೆಂಚೂ ಅಲ್ಲಾಡಿ ಟಕಟಕ ಅನ್ನುತ್ತಿತ್ತು, ಒಳಗಿನಿಂದ ಮೇಡಂ "ಪವನ್!" ಅನ್ನುತ್ತಿದ್ದರು. ಆ ಸ್ಕೂಲಿನಲ್ಲಿ ನನ್ನ ಮೇಲೆ ಚಾಡಿ ಹೇಳುತ್ತಿದ್ದ ಮೊದಲ ಗೆಳೆಯ ಆ ಬೆಂಚೇ.

ಈಗ ನನ್ನನ್ನು ಅವರೇ ಕರೆಸಿದ್ದರು. ಮೊಬೈಲಿನಲ್ಲಿ ನನ್ನ ಮಿಮಿಕ್ರಿ ವಿಡಿಯೋಗಳು ಅಲ್ಲಿ ಇಲ್ಲಿ ಓಡಾಡುತ್ತಿವೆ. ಅದನ್ನು ನೋಡಿ ವಾರ್ಷಿಕೋತ್ಸವಕ್ಕೆ ಬಾ ಅಂತ ಫೋನು. "ನೀನು ನಮ್ಮ ಹೆಮ್ಮೆಯ ಹಳೇ ವಿದ್ಯಾರ್ಥಿ ಕಣಪ್ಪ" ಅಂದರು ಮೇಡಂ. ಯಾರೋ ಗೆಳೆಯ ಮೇಡಂ ದನಿ ಮಾಡಿ ನನ್ನನ್ನೇ ಆಟ ಆಡಿಸುತ್ತಿದ್ದಾನೆ ಅಂದುಕೊಂಡೆ. "ಮಗಾ, ಚೆನ್ನಾಗಿ ಮಾಡ್ತೀಯ, ಆದ್ರೆ ಮೇಡಂ ಇಷ್ಟು ಪ್ರೀತಿಯಿಂದ ಮಾತಾಡಲ್ಲ ಕಣೋ" ಅಂದೆ. ಆಚೆ ಕಡೆಯಿಂದ "ಪವನ್!" ಅಂತ ಬಂತು. ಆಮೇಲೆ ಗೊತ್ತಾಯಿತು, ನಿಜವಾದ ಮೇಡಮ್ಮೇ.

ಬರುವುದಿಲ್ಲ ಅಂತ ಫೋನಿನಲ್ಲೇ ಹೇಳಬಹುದಿತ್ತು. ಮುಖಕ್ಕೆ ಮುಖ ಕೊಟ್ಟು ಹೇಳಬೇಕು ಅನ್ನಿಸಿತು. ಬಂದು ಬೆಂಚಿನ ಮೇಲೆ ಕೂತೆ. ಫಿನಾಯಿಲ್ ವಾಸನೆ ಆ ವರ್ಷವನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿತು.

ನಾವು ಯಾದಗಿರಿ ಕಡೆಯವರು. ಅಪ್ಪ ಶರಣಪ್ಪ ಬೊಮ್ಮಸಂದ್ರದ ಗುಳಿಗೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಷೀನಿನ ಮೇಲೆ ಕೆಲಸಕ್ಕಿದ್ದ, ಈಗಲೂ ಇದ್ದಾನೆ. ಗುಳಿಗೆಯ ಹಾಳೆಗಳು ಸಾಲಾಗಿ ಬರುತ್ತವೆ, ಗುಳಿಗೆ ಕೂರುವ ಒಂದು ಗುಂಡಿ ಖಾಲಿ ಇದ್ದರೂ ಇಡೀ ಹಾಳೆಯನ್ನು ಎತ್ತಿ ಆಚೆ ಎಸೆಯಬೇಕು. ಅವನು ಮನೆಗೆ ಬಂದರೆ ನಾಲಿಗೆಯ ಮೇಲೆ ಕಹಿ ಗುಳಿಗೆ ಕರಗಿದಂಥ ವಾಸನೆ ಇಡೀ ರೂಮಿಗೆ. ನಾವಿದ್ದದ್ದು ಮುನಿರತ್ನಮ್ಮ ಅನ್ನುವವರ ಮನೆಯ ಹಿಂದಿನ ಸಾಲು ರೂಮುಗಳಲ್ಲಿ. ಅದು ಅವರ ಅತ್ತೆಯ ಕಾಲಕ್ಕೆ ರಾಗಿ ಹೊಲವಂತೆ. ಈಗ ಅಲ್ಲಿ ಬೆಳೆಯುತ್ತಿದ್ದದ್ದು ಬಾಡಿಗೆಯವರು. ನನಗೆ ಮನೆಯಲ್ಲಿ ಒಂದು ಕನ್ನಡ, ಮುನಿರತ್ನಮ್ಮನ ಜಗಲಿಯ ಮೇಲೆ ಇನ್ನೊಂದು ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್ ಅನ್ನುವ ಹೆಸರಿನ ಮೂರನೆಯ ಕನ್ನಡ. ಇಂಥ ಕಡೆ ಬೆಳೆದವನು ಮಿಮಿಕ್ರಿ ಕಲಿಯದೆ ಇನ್ನೇನು ಕಲಿತಾನು?

ಹೆಸರು ಪವನ. ಗಾಳಿ ಅಂತ ಹೆಸರಿಟ್ಟು ಅಲ್ಲಾಡಬೇಡ ಅಂದರೆ ಆಗುತ್ತದೆಯೇ? ಈ ಜೋಕನ್ನು ನಾನು ಆರನೇ ಕ್ಲಾಸಿನಿಂದ ಹೊಡೆಯುತ್ತಿದ್ದೆ. ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಟ್ಟರೆ ಪೆಟ್ಟು ಸ್ವಲ್ಪ ಮೆತ್ತಗೆ ಬೀಳುತ್ತದೆ. ಕ್ಲಾಸಿನಲ್ಲಿ ಸಾರ್ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರೆ ನನ್ನ ಕಿವಿ ಫ್ಯಾನಿನ ಒಂದು ರೆಕ್ಕೆಯ ಕಿರ್ರೆನ್ನುವ ಸದ್ದಿಗೆ ಹೋಗುತ್ತಿತ್ತು. ಅಲ್ಲಿಂದ ಹೊಸೂರು ರಸ್ತೆಯ ಲಾರಿ ಹಾರನ್ನಿಗೆ, ಅಲ್ಲಿಂದ ಸಾರ್ ಅಂಗಿಯ ಸೀಮೆಸುಣ್ಣದ ಗುರುತಿಗೆ. ತಿರುಗಿ ಬೋರ್ಡಿಗೆ ಬರುವಷ್ಟರಲ್ಲಿ ಲೆಕ್ಕ ಮುಗಿದು ಒರೆಸಿಯೂ ಆಗಿರುತ್ತಿತ್ತು. ಬೇಕಂತಲೇ ಹೋಗುತ್ತಿರಲಿಲ್ಲ. ತೆರೆದಿಟ್ಟ ಬಾಗಿಲಿನಿಂದ ಬೆಕ್ಕು ಆಚೆ ಹೋದ ಹಾಗೆ ಹೋಗುತ್ತಿತ್ತು.

ಜೂನಿನ ಮೊದಲ ಮಳೆಗೆ ಸ್ಕೂಲಿನ ಮುಂದಿನ ರಸ್ತೆ ಕೆರೆಯಾದ ದಿನ, ಲೆಕ್ಕದ ಪೀರಿಯಡ್ಡಿನಲ್ಲಿ ನಾನು ಮೂರನೆಯ ಸಲ ಎದ್ದು ಕಿಟಕಿಗೆ ಹೋದೆ. ಸಾರ್ ನನ್ನ ಕಿವಿ ಹಿಡಿದು ಪ್ರಿನ್ಸಿಪಾಲ್ ಕೋಣೆಗೆ ಬಿಟ್ಟರು. ಅಪ್ಪನನ್ನು ಕರೆಸಿದರು. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ.

"ನೋಡಿ ಮಿಸ್ಟರ್ ಶರಣಪ್ಪ, ಇದು ಟೆಂತ್. ನಮ್ಮದು ಹಂಡ್ರೆಡ್ ಪರ್ಸೆಂಟ್ ರಿಸಲ್ಟ್ ಕೊಡೋ ಸ್ಕೂಲು. ಇವನು ಇಲ್ಲಿ ಸೆಟ್ ಆಗಲ್ಲ." ಆಮೇಲೆ ಪಕ್ಕದ ಆಫೀಸಿನ ಕಡೆ ಕತ್ತು ತಿರುಗಿಸಿ, "ಭಾಗ್ಯಾ, ಟೀಸೀ ಪುಸ್ತಕ ತಗೊಂಡ್ ಬಾ."

ಈ ಮಾತಿನ ಬಗ್ಗೆ ಹೇಳಲೇಬೇಕು. ಭಾಗ್ಯಕ್ಕ ಸ್ಕೂಲಿನ ಗುಮಾಸ್ತೆ. ಟೀಸೀ ಪುಸ್ತಕ ಅಂದರೆ ಸ್ಕೂಲು ಬಿಡಿಸಿ ಕಳಿಸುವ ಚೀಟಿ ಹರಿದುಕೊಡುವ ಪುಸ್ತಕ. ಮೇಡಂ ಈ ಮಾತು ಹೇಳಿದರೆ ಭಾಗ್ಯಕ್ಕ ಓಡಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಇಡುವಳು. ಅದನ್ನು ನೋಡಿ ಅಪ್ಪ ಅಮ್ಮಂದಿರು ಕೈಮುಗಿಯುವರು. ಮೇಡಂ "ಹೋಗ್ಲಿ, ಈ ಸಲ ಬಿಡ್ತೀನಿ" ಅನ್ನುವರು. ಕೆಲವು ಸಲ ಬಿಡುತ್ತಿರಲಿಲ್ಲ. ಇಡೀ ಸ್ಕೂಲಿಗೆ ಆ ರಾಗ ಬಾಯಿಪಾಠ. 'ಭಾಗ್ಯಾ' ಮೂಗಿನಲ್ಲಿ, 'ಟೀಸೀ' ಎಳೆದು, 'ಬಾ' ಅನ್ನುವಾಗ ಕನ್ನಡಕ ಮೂಗಿನ ತುದಿಗೆ. ನಾನು ಗಂಡುಮಕ್ಕಳ ಟಾಯ್ಲೆಟ್ಟಿನಲ್ಲಿ ಅದನ್ನು ಮಾಡಿದರೆ ಒಳಗೆ ಕೂತವರು ಹೆದರಿ ಎದ್ದುಬಿಡುತ್ತಿದ್ದರು.

ಅವತ್ತು ಅಪ್ಪ ಕೈಮುಗಿದ. "ಮೇಡಂ, ಹುಡುಗ ಹಂಗಿಲ್ರೀ."

"ಹಂಗಿಲ್ಲ ಅಂದ್ರೆ ಇದೇನು? ಡಾಕ್ಟರಿಗೆ ತೋರಿಸಿ, ಟೆಸ್ಟ್ ಮಾಡಿಸಿ, ರಿಪೋರ್ಟ್ ತನ್ನಿ. ಈಗ ಎಲ್ಲಾ ಮಕ್ಕಳಿಗೂ ಎಡಿಎಚ್‌ಡಿ ಅಂತಾರಲ್ಲ, ಗಮನ ನಿಲ್ಲಲ್ಲ, ಕೂತಲ್ಲಿ ಕೂರಲ್ಲ ಅಂತ, ಅದೇನೋ ಇದ್ರೆ ನೋಡೋಣ. ಏನೂ ಇಲ್ಲ ಅಂತ ಬಂದ್ರೆ ಇದೆಲ್ಲ ನಾಟಕ ಅಂತ ಲೆಕ್ಕ."

ನಾಟಕ. ಆ ವರ್ಷ ನನ್ನ ಮೇಲೆ ಬಿದ್ದಷ್ಟು ಸಲ ಆ ಪದ ಯಾವ ರಂಗಮಂದಿರದಲ್ಲೂ ಬಿದ್ದಿರಲಾರದು. ಪೆನ್ನು ಕಳೆದರೆ ನಾಟಕ, ಹೋಮ್‌ವರ್ಕ್ ಬ್ಯಾಗಿನಲ್ಲೇ ಮರೆತರೆ ನಾಟಕ. ಬೇರೆ ಹುಡುಗರ ದನಿ ತೆಗೆದು ನಗಿಸುವವನು ಅಂತ ಗೊತ್ತಿದ್ದುದರಿಂದ ನಾನು ಏನೇ ಮಾಡಿದರೂ ಅದು ಪಾತ್ರವೇ ಆಗುತ್ತಿತ್ತು.

ಟೆಸ್ಟ್ ಅನ್ನುವ ಪದ ಅವ್ವನ ಕಿವಿಗೆ ಬಿದ್ದದ್ದೇ ತಡ, ಮುನಿರತ್ನಮ್ಮನಿಗೆ ಹೋಯಿತು. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು ತೀರ್ಪು ಕೊಟ್ಟರು. "ಟೆಷ್ಟು ಅಂದ್ರೆ ಒಟ್ಟೆಗೆ ಏನೂ ಆಕ್ಬಾರ್ದು ಕಣಮ್ಮಿ. ನನ್ನ ಸುಗರ್ ಟೆಷ್ಟಿಗೆ ಅಂಗೇ ಏಳೋದು. ಒಂದ್ ತೊಟ್ಟು ಕಾಫಿ ಕುಡ್ಸಿದ್ರೂ ಎಲ್ಲಾ ತಪ್ಪು ತಪ್ಪಾಗ್ ಬತ್ತದೆ."

ಹಾಗೆ ನನ್ನನ್ನು ಎಡಿಎಚ್‌ಡಿ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದರು. ನಗಬೇಡಿ. ನಗಿ, ಪರವಾಗಿಲ್ಲ, ನಾನೂ ಇದನ್ನು ಸ್ಟೇಜಿನ ಮೇಲೆ ಹೇಳಿ ಚಪ್ಪಾಳೆ ತಗೊಂಡಿದ್ದೇನೆ. ಅವ್ವ ತಲೆಗೆ ಕೊಬ್ಬರಿ ಎಣ್ಣೆ ಸುರಿದು, ಹಣೆಗೆ ಅಂಟುವ ಹಾಗೆ ಬಾಚಿ, ವಿಭೂತಿ ಹಚ್ಚಿದಳು. ಬಸ್ಸಿನಲ್ಲಿ ಎರಡೇ ಮಾತು ಹೇಳಿದಳು: "ನಮ್ಮ ಮರ್ಯಾದಿ ತಗೀಬ್ಯಾಡ. ಪಾಸ್ ಆಗಿ ಬಾ."

ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಒಂದು ಮಕ್ಕಳ ಕ್ಲಿನಿಕ್ಕು, ಗಾಜಿನ ಕಟ್ಟಡ. ಗೋಡೆಯ ಮೇಲೆ ಕೊಡೆ ಹಿಡಿದ ಆನೆಯ ಚಿತ್ರ. ಒಳಗೆ ಎಸಿಯ ತಣ್ಣನೆ ಗಾಳಿ. ಅಪ್ಪ ಅಲ್ಲೂ ಚಪ್ಪಲಿ ಬಿಟ್ಟ, ರಿಸೆಪ್ಷನ್ನಿನ ಹುಡುಗಿ "ಪರವಾಗಿಲ್ಲ ಸಾರ್, ಹಾಕ್ಕೊಳ್ಳಿ" ಅಂದಳು, ಅಪ್ಪ ಹಾಕಿಕೊಳ್ಳಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಯೋಚಿಸಿದೆ. ಪಾಸ್ ಆಗಬೇಕು. ಹಾಗಿದ್ದರೆ ನಾನು ಯಾರಾಗಬೇಕು? ಉತ್ತರ ಸುಲಭ. ವಿನಯ ಆಗಬೇಕು.

ವಿನಯ ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕು. ಅವನು ಕೂರುವುದೇ ಒಂದು ನೋಟ. ಎರಡು ಕೈ ಮಡಿಸಿ ಮೇಜಿನ ಮೇಲೆ, ಬೆನ್ನು ನೇರ, ಪ್ರಶ್ನೆ ಕೇಳಿದರೆ ಮೊದಲು ಒಂದು ಸಲ ಕಣ್ಣು ಮಿಟುಕಿಸಿ ಆಮೇಲೆ ಉತ್ತರ, ಉತ್ತರದ ಕೊನೆಗೆ ಸಣ್ಣ ಕೆಮ್ಮು. ಎಷ್ಟೋ ಸಲ ಕ್ಲಾಸಿನಲ್ಲಿ ಅವನ ಹಿಂದೆ ನಿಂತು ಅವನನ್ನು ಮಾಡಿ ತೋರಿಸಿದ್ದೆ. ಅವತ್ತು ಒಳಗೆ ಹೋಗಿ ಆ ಕುರ್ಚಿಯಲ್ಲಿ ನಾನು ಪೂರ್ತಿ ವಿನಯನಾದೆ. ಕೆಮ್ಮು ಸಮೇತ. ಕಾಲು ಮಾತ್ರ ಕೇಳಲಿಲ್ಲ, ಒಂದು ಪಾದದಿಂದ ಇನ್ನೊಂದು ಪಾದವನ್ನು ತುಳಿದು ಹಿಡಿದುಕೊಂಡೆ. ಮೇಲಾಗಿ ಹೊಟ್ಟೆಯಲ್ಲಿ ಹಿಂದಿನ ರಾತ್ರಿಯ ಅನ್ನ ಬಿಟ್ಟರೆ ಏನೂ ಇಲ್ಲ. ಕುಣಿಯುವುದಕ್ಕೂ ಕಸುವು ಬೇಕಲ್ಲ.

ಟೆಸ್ಟ್ ಮಾಡುವ ಮೇಡಂ ಒಬ್ಬರು ಚಿತ್ರ ತೋರಿಸಿ, ಬಣ್ಣ ಹೇಳಿಸಿ, ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಆಟ ಹೊಸದು, ಹೊಸದೆಂದರೆ ನನಗೆ ಹಬ್ಬ, ಚೆನ್ನಾಗಿಯೇ ಆಡಿದೆ. ಆಮೇಲೆ ಅವ್ವನನ್ನು ಕೇಳಿದರು, ಮನೆಯಲ್ಲಿ ಹೇಗಿರುತ್ತಾನೆ ಅಂತ. ಅವ್ವ ಗಂಡು ನೋಡಲು ಬಂದವರಿಗೆ ಹೇಳುವ ಹಾಗೆ ಹೇಳಿದಳು.

"ಬಾಳ ಶ್ಯಾಣ್ಯಾ ಅದಾನ್ರೀ. ಹೇಳಿದ ಮಾತು ಮೀರಂಗಿಲ್ಲ."

"ವಸ್ತುಗಳನ್ನ ಕಳ್ಕೊಳ್ತಾನಾ?"

"ಇಲ್ರೀ! ಯಾರರ ಏನರ ಹೇಳಿದ್ರೇನ್ರೀ?"

ಆ ತಿಂಗಳಲ್ಲೇ ನಾನು ಕೊಡೆ, ಟಿಫಿನ್ ಡಬ್ಬಿಯ ಮುಚ್ಚಳ ಮತ್ತು ಒಂದು ಕಾಲಿನ ಶೂ ಕಳೆದಿದ್ದೆ. ಒಂದೇ ಕಾಲಿನ ಶೂ ಕಳೆಯುವುದು ಎಲ್ಲರಿಂದಾಗುವ ಕೆಲಸ ಅಲ್ಲ.

ಟೆಸ್ಟಿನ ಮೇಡಂ ತುಸು ಹೊತ್ತು ಬರೆದುಕೊಂಡರು. ಸ್ಕೂಲಿಗೆ ಫೋನು ಮಾಡಲಿಲ್ಲ, ಚಿಕ್ಕಂದಿನಲ್ಲಿ ಹೇಗಿದ್ದ ಅಂತ ಕೇಳಲಿಲ್ಲ. "ಹುಡುಗ ಚೆನ್ನಾಗೇ ಇದ್ದಾನೆ. ಗಮನ ಇದೆ. ಸ್ವಲ್ಪ ಶಿಸ್ತು ಬೇಕು, ಮೊಬೈಲ್ ಕಡಿಮೆ ಮಾಡಿಸಿ." ಅಷ್ಟೇ. ನನ್ನ ಹತ್ತಿರ ಮೊಬೈಲೇ ಇರಲಿಲ್ಲ.

ಅವ್ವ ಸಾಲು ರೂಮಿನ ಎಲ್ಲರಿಗೂ ಪೇಡೆ ಹಂಚಿದಳು. "ನಮ್ಮ ಪವನ ಟೆಸ್ಟನ್ಯಾಗ ಪಾಸ್ ಆದ್ರೀ." ಮುನಿರತ್ನಮ್ಮ ಎರಡು ಪೇಡೆ ತಗೊಂಡರು, ಒಂದು ಖುಷಿಗೆ, ಇನ್ನೊಂದು ಸಲಹೆ ಕೊಟ್ಟದ್ದಕ್ಕೆ. ನಾನು ಆ ಸಂಜೆ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಕಟ್ಟಿಟ್ಟ ಕಾಲು ಬಿಚ್ಚಿಕೊಳ್ಳುವವರೆಗೆ ನಿಲ್ಲಿಸಲಿಲ್ಲ. ಮಾರನೆಯ ದಿನ ವಿನಯನಿಗೆ ಹೇಳಿದೆ. ಅವನು ಕಣ್ಣು ಮಿಟುಕಿಸಿ ಕೇಳಿದ: "ಅಷ್ಟೊತ್ತು ನಾನಾಗಿದ್ಯಾ? ಬೋರ್ ಆಗ್ಲಿಲ್ವಾ ಮಗಾ?" ಆಮೇಲೆ ಕೆಮ್ಮಿದ.

ಸ್ಕೂಲಿನಲ್ಲಿ ಪೇಡೆ ನಡೆಯಲಿಲ್ಲ. ಮೇಡಂ ರಿಪೋರ್ಟ್ ನೋಡಿ ಅಪ್ಪನ ಮುಂದೆಯೇ ಮೇಜು ತಟ್ಟಿದರು. "ನೋಡಿದ್ರಾ? ನಾನ್ ಹೇಳ್ಲಿಲ್ವಾ? ಎಲ್ಲಾ ಸರಿ ಇದೆ. ಬೇಕು ಅಂದ್ರೆ ಕೂರ್ತಾನೆ, ಬೇಡ ಅಂದ್ರೆ ಇಲ್ಲ. ನಾಟಕ!" ಅಂದಿನಿಂದ ಈ ಬೆಂಚು. ಬೇರೆಯವರ ಓದು ಕೆಡುತ್ತದೆ ಅಂತ ಅರ್ಧ ಪೀರಿಯಡ್ಡುಗಳು ಆಚೆಗೆ. ಪಾಠ ಕೇಳುವುದಿಲ್ಲ ಅನ್ನುವ ತಪ್ಪಿಗೆ ಪಾಠ ಕೇಳದ ಜಾಗದಲ್ಲಿ ಕೂರಿಸುವ ಶಿಕ್ಷೆ. ಇದನ್ನು ಕಂಡುಹಿಡಿದವರ ತಲೆಯನ್ನು ಯಾರೂ ಟೆಸ್ಟ್ ಮಾಡಿಸಲಿಲ್ಲ.

ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ನಾನು ಓಡಾಡುವಾಗ ಯಾವ ಪಾತ್ರವನ್ನೂ ಮಾಡುತ್ತಿರಲಿಲ್ಲ. ನಾನು ಮಾಡಿದ ಒಂದೇ ಒಂದು ನಾಟಕ ಆ ಗಾಜಿನ ಕಟ್ಟಡದಲ್ಲಿ, ಸುಮ್ಮನೆ ಕೂತದ್ದು. ಆ ನಾಟಕಕ್ಕೆ ಶಭಾಷ್ ಅಂದರು. ನಿಜಕ್ಕೆ ಬೆಂಚು ಕೊಟ್ಟರು.

ಅಕ್ಟೋಬರಿನಲ್ಲಿ ಮಳೆ ಬಿಡದೆ ಹೊಡೆಯುತ್ತಿದ್ದಾಗ ಅರ್ಧವಾರ್ಷಿಕ ಪರೀಕ್ಷೆ. ವಿಜ್ಞಾನದ ಪೇಪರಿನಲ್ಲಿ ಎಲ್ಲ ಗೊತ್ತಿತ್ತು, ದೇವರಾಣೆ ಗೊತ್ತಿತ್ತು. ಮೂರನೆಯ ಉತ್ತರ ಬರೆಯುತ್ತಿರುವಾಗ ಐದನೆಯದು ನೆನಪಾಗಿ ಅದನ್ನು ಶುರುಮಾಡಿ, ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ, ಕೊನೆಗೆ ಯಾವುದೂ ಮುಗಿಯದೆ ಗಂಟೆ ಹೊಡೆಯಿತು. ಅಂಕಪಟ್ಟಿ ನೋಡಿ ಅಪ್ಪ ನನ್ನ ಕೆನ್ನೆಗೆ ಬಾರಿಸಿದ. ಫೇಲಾದದ್ದಕ್ಕಲ್ಲ. "ನಾಟಕಾ ಮಾಡಿ ನಮ್ಮ ಹೊಟ್ಟಿ ಮ್ಯಾಲ ಹೊಡೀತೀಯೇನಲೇ" ಅನ್ನುತ್ತ ಹೊಡೆದ. ಕೆನ್ನೆಯ ಮೇಲೆ ಗುಳಿಗೆಯ ವಾಸನೆ ಉಳಿಯಿತು.

ಅದಾದ ಎರಡನೆಯ ದಿನ ಅವ್ವ ಅಕ್ಕಿ ತೊಳೆಯುವ ಪಾತ್ರೆ ಹಿಡಿದು ಒಳಗೆ ಬಂದಾಗ ನಾನು ಮೂಲೆಯಲ್ಲಿ ಓದಲು ಕೂತಿದ್ದೆ. ಕೂತಿದ್ದೆ ಅಂದರೆ, ಮರದ ಸ್ಕೇಲಿನಿಂದ ನನ್ನ ತೊಡೆಗೆ ನಾನೇ ಹೊಡೆದುಕೊಳ್ಳುತ್ತಿದ್ದೆ. ಹೊಡೆಯುತ್ತ ಮೇಡಂ ದನಿಯಲ್ಲಿ "ನಿಲ್ಲು! ನಾಟಕ! ನಿಲ್ಲು!" ಅನ್ನುತ್ತಿದ್ದೆ. ಕಾಲು ನಿಲ್ಲುತ್ತಿರಲಿಲ್ಲ. ಅವ್ವ ಮೊದಲು ನಕ್ಕಳು, ಮಿಮಿಕ್ರಿ ಅಂದುಕೊಂಡು. ಆಮೇಲೆ ಚಡ್ಡಿಯ ಅಂಚಿನಲ್ಲಿ ಎದ್ದ ಬಾಸುಂಡೆ ನೋಡಿದಳು. ಪಾತ್ರೆ ಕೆಳಗಿಟ್ಟು, ಶಿಫ್ಟಿಗೆ ಹೊರಟು ನಿಂತಿದ್ದ ಅಪ್ಪನಿಗೆ ಹೇಳಿದಳು. "ಇದು ನಾಟಕಲ್ಲ. ನೋಡಿಲ್ಲಿ. ಇಲ್ಲಿ ಯಾರಿಗಿ ತೋರಿಸ್ಲಾಕ ಮಾಡ್ತಾನ ನಾಟಕಾ?"

ಈ ಸಲ ಊರೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆ. ಅವ್ವ ಯಾರ ಸಲಹೆಯನ್ನೂ ಕೇಳದೆ ರೊಟ್ಟಿ ತಿನ್ನಿಸಿಯೇ ಹೊರಡಿಸಿದಳು. "ಪಾಸ್ ಆಗು" ಅನ್ನಲಿಲ್ಲ. ಆದರೆ ನನಗೆ ಅಭ್ಯಾಸವಾಗಿತ್ತು. ಬಾಗಿಲಿನಲ್ಲೇ ವಿನಯನನ್ನು ಹಾಕಿಕೊಂಡೆ. ಗಾಜಿನ ಕಟ್ಟಡದಲ್ಲಿ ಕೂತ ಹೊತ್ತಿಗೆ ವಿನಯ ಸಾಕಾಗಿದ್ದ, ಸರ್ಕಾರಿ ಆಸ್ಪತ್ರೆಯ ಸಾಲಿಗೆ ಅವನು ಎಲ್ಲಿ ಸಾಕಾದಾನು? ನಿಜವಾದ ವಿನಯನೇ ಬಂದಿದ್ದರೂ ಮಧ್ಯಾಹ್ನದ ಹೊತ್ತಿಗೆ ಅಂಗಿ ಹರಿದುಕೊಳ್ಳುತ್ತಿದ್ದ. ಸಾಲು ಮುಂದೆ ಹೋಗಲಿಲ್ಲ, ವಿನಯ ನನ್ನ ಮೈಮೇಲಿಂದ ಒಂದೊಂದೇ ತುಂಡಾಗಿ ಕಳಚಿ ಬಿದ್ದ. ಮೊದಲು ಕೈ, ಆಮೇಲೆ ಬೆನ್ನು, ಕೊನೆಗೆ ಬಾಯಿ.

ಸಾಲು ಕಾಯುವ ಗಾರ್ಡ್ ಒಬ್ಬರಿದ್ದರು. "ಲೈನಲ್ ಬನ್ನಿ, ಲೈನಲ್ ಬನ್ನಿ, ಎಡಗಡೆ ಬನ್ನಿ ಅಮ್ಮಾ" ಅಂತ ಒಂದೇ ಸಮನೆ ಕೂಗುತ್ತಿದ್ದರು, ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು. ಅವರು ಟೀ ಕುಡಿಯಲು ಹೋದರು. ನಾನು ಕಂಬದ ಹಿಂದೆ ನಿಂತು ಕೆನ್ನೆ ಉಬ್ಬಿಸಿ "ಬಲಗಡೆ ಬನ್ನಿ, ಎಲ್ಲಾ ಬಲಗಡೆ ಬನ್ನಿ ಅಮ್ಮಾ" ಅಂದೆ. ಇಡೀ ಸಾಲು ಬಲಕ್ಕೆ ಸರಿಯಿತು. ಅಪ್ಪನೂ ಸರಿದ! "ಎಡಗಡೆ" ಅಂದೆ, ಎಡಕ್ಕೆ ಬಂತು. ಜನರ ಕಾಲುಗಳಿಗೆ ದನಿಯೊಂದೇ ಸಾಕು, ಮುಖ ಬೇಕಾಗಿಲ್ಲ ಅಂತ ನಾನು ಕಲಿತದ್ದು ಅಲ್ಲಿ. ಮೂರನೆಯ ಸಲ ಬಾಯಿ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗು ಮುಖದ ಡಾಕ್ಟರ್, ಪೆನ್ನಿನ ಮುಚ್ಚಳ ಕಚ್ಚುತ್ತ, ನನ್ನನ್ನೇ ನೋಡುತ್ತ ನಿಂತಿದ್ದರು. ಹಾಗೆಯೇ ಒಳಗೆ ಹೋದರು.

ನಮ್ಮ ಸರದಿ ಬಂದಾಗ ಒಳಗೆ ಅವರೇ. ನಾನು ಕೈ ಮಡಿಸಿ, ಬೆನ್ನು ನೇರ ಮಾಡಿ, ಕಣ್ಣು ಮಿಟುಕಿಸಿ ಕೂತೆ.

"ಆಚೆ ಒಬ್ಬ ಹುಡುಗ ಇದ್ನಲ್ಲ, ಇಡೀ ಲೈನನ್ನ ಮೆರವಣಿಗೆ ಮಾಡಿಸ್ತಿದ್ದೋನು. ಅವ್ನೆಲ್ಲೋ?"

ನಾನು ಕೆಮ್ಮಿದೆ.

"ಇವನು ಯಾರೋ ನನಗೆ ಬೇಡ. ಅವನನ್ನ ಕರ್ಕೊಂಡ್ ಬಾ ಗುರು."

ನನಗೆ ಅಳು ಬಂತು. ಅಳುತ್ತಲೇ ನಕ್ಕೆ. ಪಾದ ತುಳಿದು ಹಿಡಿದಿದ್ದ ಪಾದ ಬಿಟ್ಟೆ, ಕಾಲು ಮೇಜಿನ ಕೆಳಗೆ ಡೊಳ್ಳು ಬಾರಿಸತೊಡಗಿತು. ಅವರು ನಿಲ್ಲಿಸು ಅನ್ನಲಿಲ್ಲ. ಅವ್ವ ಈ ಸಲ ಎಲ್ಲವನ್ನೂ ಹೇಳಿದಳು, ಒಂಟಿ ಶೂ, ಬಾಲವಾಡಿಯಿಂದ ಮೂರು ಸಲ ಓಡಿ ಬಂದದ್ದು, ಬಾಸುಂಡೆ, ಎಲ್ಲ. ಹೇಳಿ ಮುಗಿಸಿ ಕೇಳಿದಳು: "ಹಂಗಾರ ಫೇಲ್ ಆದ್ನೇನ್ರೀ?"

"ಇದ್ರಲ್ಲಿ ಪಾಸು ಫೇಲು ಇಲ್ಲ ಕಣಮ್ಮ. ಹುಡುಗ ಸೋಮಾರಿ ಅಲ್ಲ, ಹಠಮಾರಿನೂ ಅಲ್ಲ. ಸುಮ್ನೆ ಕೂರೋಕೆ ಬೇರೆ ಮಕ್ಕಳಿಗೆ ಖರ್ಚೇ ಆಗಲ್ಲ, ಇವನಿಗೆ ಮೈಯಲ್ಲಿರೋ ಶಕ್ತಿ ಎಲ್ಲಾ ಅದಕ್ಕೇ ಹೋಗುತ್ತೆ. ಆಮೇಲೆ ಪಾಠಕ್ಕೆ ಎಲ್ಲಿ ಉಳಿಯುತ್ತೆ?"

ಆಮೇಲೆ ಇನ್ನೂ ಕೆಲವು ಸಲ ಹೋದೆವು, ಸ್ಕೂಲಿನ ಸಾರ್‌ಗಳಿಂದಲೂ ನನ್ನ ಬಗ್ಗೆ ಬರೆಸಿ ತರಿಸಿದರು, ಕೊನೆಗೆ ಎಡಿಎಚ್‌ಡಿ ಅಂತಲೇ ಬರೆದರು. ಆದರೆ ನನಗೆ ನೆನಪಿರುವುದು ಆ ಮೊದಲ ದಿನ. ಡಾಕ್ಟರ್ ನನ್ನ ಕಾಲಿನಿಂದ ಕಣ್ಣು ತೆಗೆದು ಅಪ್ಪನ ಕಾಲು ನೋಡಿದರು. ಅದೂ ಕುಣಿಯುತ್ತಿತ್ತು. ನಾನು ಅಷ್ಟು ವರ್ಷ ಅಪ್ಪನ ದನಿ ಮಾಡಿದ್ದೆ, ನಡಿಗೆ ಮಾಡಿದ್ದೆ, ಆ ಕಾಲನ್ನು ನೋಡಿಯೇ ಇರಲಿಲ್ಲ.

"ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ರಿ?"

"ಎಲ್ಲೀದ್ರೀ ಸರ, ಐದನೇತ್ತಕ್ಕ ಸಾಲಿ ಬಿಟ್ಟೆ." ಅಪ್ಪ ನಗುತ್ತ ಹೇಳಿದ. "ನಾ ಬಾಳ ಕಿತಾಪತಿ ಮಾಡ್ತಿದ್ದೆ ನೋಡ್ರೀ. ಒಂದ್ ಕಡಿ ಕುಂದರ್ತಿದ್ದಿಲ್ಲ. ಮಾಸ್ತರ ಕಿಟಕಿ ಸರಳಿಗಿ ಹಗ್ಗ ಹಾಕಿ ಕಟ್ಟತಿದ್ರು. ಊರ ಮಂದಿ ಎಲ್ಲಾ ಬಂದು ನೋಡಿ ನಗ್ತಿದ್ರು, ಹ್ಹೆ ಹ್ಹೆ."

ನಗಿಸುವವನಿಗೆ ನಗು ಯಾವುದು ಎಂಥದ್ದು ಅಂತ ಗೊತ್ತಾಗುತ್ತದೆ. ಅದು ನನ್ನದೇ ನಗು. ಬೇರೆಯವರಿಗಿಂತ ಮೊದಲು ನಕ್ಕುಬಿಡುವ ನಗು. ಕಿಟಕಿಗೆ ಕಟ್ಟಿಸಿಕೊಂಡವನು ಅದನ್ನು ತಮಾಷೆಯ ಕಥೆಯಾಗಿ ಹೇಳುತ್ತಿದ್ದ, ತಪ್ಪು ತನ್ನದೇ ಅನ್ನುವ ಹಾಗೆ. ಕಟ್ಟಿದವರ ಮೇಲೆ ಅವನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಆ ಸಿಟ್ಟೆಲ್ಲ ನನಗೆ ಬಂತು.

ಗುಳಿಗೆ ಕೊಟ್ಟರು. ದಿನವಿಡೀ ಗುಳಿಗೆ ಪ್ಯಾಕ್ ಮಾಡುವವನು "ಗುಳಿಗಿ ಬ್ಯಾಡ್ರೀ ಸರ" ಅಂತ ಹೆದರಿದ, ಡಾಕ್ಟರ್ ನಿಧಾನವಾಗಿ ತಿಳಿಸಿ ಹೇಳಿದರು. ತಗೊಂಡೆ. ಪವಾಡ ಏನೂ ಆಗಲಿಲ್ಲ, ಫ್ಯಾನಿನ ಕಿರ್ರೆನ್ನುವ ಸದ್ದು ಸ್ವಲ್ಪ ಹಿಂದಕ್ಕೆ ಸರಿದು ನಿಂತಿತು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು, ಸ್ಕೂಲಿನವರು ಬರೆದು ಕಳಿಸಬೇಕು ಅಂತಲೂ ಡಾಕ್ಟರ್ ಹೇಳಿದರು. ನಾವು ಖುಷಿಯಿಂದ ಆ ರಿಪೋರ್ಟ್ ಹಿಡಿದು ಸ್ಕೂಲಿಗೆ ಹೋದೆವು. ಇನ್ನು ಯಾರೂ ನಾಟಕ ಅನ್ನುವ ಹಾಗಿಲ್ಲವಲ್ಲ.

ಮೇಡಂ ಓದಿದರು. ಕನ್ನಡಕ ಮೂಗಿನ ತುದಿಗೆ ಬಂತು.

"ಅಯ್ಯೋ ಪಾಪ. ಹಾಗಿದ್ರೆ ನಿಜವಾಗ್ಲೂ ಪ್ರಾಬ್ಲಮ್ ಇದೆ. ಇಂಥ ಮಕ್ಕಳಿಗೆ ಅಂತಾನೇ ಬೇರೆ ಸ್ಕೂಲ್ ಇರುತ್ತೆ ಮಿಸ್ಟರ್ ಶರಣಪ್ಪ. ಇಲ್ಲಿ ಸೆಟ್ ಆಗಲ್ಲ. ಟೆಂತ್ ಪರೀಕ್ಷೆಗೆ ಹೆಸರು ಕಳಿಸೋ ಮೊದಲೇ ಬೇರೆ ಕಡೆ ಸೇರಿಸ್ಬಿಡಿ. ಭಾಗ್ಯಾ, ಟೀಸೀ ಪುಸ್ತಕ ತಗೊಂಡ್ ಬಾ."

ಏನೂ ಇಲ್ಲ ಅಂದಾಗ ನಾಟಕ, ಆದ್ದರಿಂದ ಆಚೆ. ಇದೆ ಅಂದಾಗ ಪಾಪ, ಆದ್ದರಿಂದಲೂ ಆಚೆ. ಆಚೆ ಅನ್ನುವುದು ಮೊದಲೇ ಇತ್ತು, ಕಾರಣ ಮಾತ್ರ ನಮ್ಮ ಕೈಯಲ್ಲೇ ತರಿಸುತ್ತಿದ್ದರು. ಒಂದು ಗುಂಡಿ ಖಾಲಿ ಕಂಡರೆ ಇಡೀ ಹಾಳೆ ಎಸೆಯುವ ಮಷೀನು.

ಭಾಗ್ಯಕ್ಕ ಪುಸ್ತಕ ತಂದಿಟ್ಟಳು. ಅಪ್ಪ ಕೈಮುಗಿದ, ಮೇಡಂ ಈ ಸಲ "ಬಿಡ್ತೀನಿ" ಅನ್ನಲಿಲ್ಲ. ಅಪ್ಪ ನನ್ನನ್ನು ಕ್ಲಾಸಿಗೆ ಕಳಿಸಿ ಹೊರಗೆ ಬಂದು ಈ ಬೆಂಚಿನ ಮೇಲೆ ಕೂತ. ಶಿಫ್ಟು ಮುಗಿಸಿ ನೇರ ಬಂದವನು, ಫ್ಯಾಕ್ಟರಿಯ ನೀಲಿ ಅಂಗಿ, ಬರಿಗಾಲು.

"ನಾ ಇಲ್ಲೇ ಕುಂದರ್ತೀನ್ರೀ ಮೇಡಂ. ನಿಮ್ಮ ಮನಸು ಕರಗಾತನ."

ನಾನು ಕ್ಲಾಸಿನ ಬಾಗಿಲಿನಿಂದ ಇಣುಕಿ ಇಣುಕಿ ನೋಡುತ್ತಿದ್ದೆ. ಬೆಂಚು ಟಕಟಕ ಅನ್ನಲಿಲ್ಲ. ಅಪ್ಪ ಒಂದು ಪಾದದಿಂದ ಇನ್ನೊಂದು ಪಾದವನ್ನು ತುಳಿದು ಹಿಡಿದಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಊಟದ ಗಂಟೆ ಹೊಡೆಯಿತು, ಅಲ್ಲಾಡಲಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು "ಯಾಕಣ್ಣ ಇಲ್ಲಿ ಕೂತಿದ್ದೀರ?" ಅಂತ ಕೇಳತೊಡಗಿದರು, ಅಪ್ಪ ಎಲ್ಲರಿಗೂ ವಿನಯದಿಂದ ಕಾರಣ ಹೇಳಿದ. ಅದು ಮೇಡಂಗೆ ತಡೆಯಲಾಗಲಿಲ್ಲ. ಕೊನೆಯ ಗಂಟೆಗೆ ಹೊರಗೆ ಬಂದರು.

"ಸರಿ, ಪರೀಕ್ಷೆ ಇಲ್ಲೇ ಬರೀಲಿ. ಆದ್ರೆ ಎಕ್ಸ್‌ಟ್ರಾ ಟೈಮು ಗೀಮು ಅಂತ ಕೇಳ್ಬೇಡಿ. ಅದೆಲ್ಲ ಬರೆದು ಕಳಿಸಿದ್ರೆ ಸ್ಕೂಲಿನ ಹೆಸರು ಏನಾಗುತ್ತೆ?"

ನನಗೆ ಸಲ್ಲಬೇಕಾದ ಸಮಯವನ್ನು ಕಿತ್ತುಕೊಂಡು ನನಗೆ ಸಲ್ಲಬೇಕಾದ ಪರೀಕ್ಷೆಯನ್ನೇ ಭಿಕ್ಷೆ ಹಾಕಿದರು. ಅಪ್ಪ ಬಾಗಿ ಅವರ ಕಾಲು ಮುಟ್ಟಲು ಹೋದ. "ಬಾಳ ಉಪಕಾರ ಆತ್ರೀ ಮೇಡಂ." ಎದ್ದಾಗ ಅವನ ಕಾಲು ಜೋಮು ಹಿಡಿದಿತ್ತು, ನನ್ನ ಭುಜ ಹಿಡಿದುಕೊಂಡೇ ಗೇಟಿನವರೆಗೆ ಬಂದ.

ಮಾರ್ಚಿನ ಬಿಸಿಲಿನಲ್ಲಿ ಪರೀಕ್ಷೆ ಬರೆದೆ. ಸಮಾಜ ವಿಜ್ಞಾನದ ಕೊನೆಯ ಪುಟ ಬರೆಯುತ್ತಿರುವಾಗಲೇ ಪೇಪರು ಕಿತ್ತುಕೊಂಡರು. ಪಾಸಾದೆ, ಹೊಸ್ತಿಲು ಎಡವಿ ಒಳಗೆ ಬಿದ್ದವನ ಹಾಗೆ. ಸ್ಕೂಲಿನ ಗೇಟಿಗೆ ನೂರಕ್ಕೆ ನೂರು ಫಲಿತಾಂಶ ಅಂತ ದೊಡ್ಡ ಫ್ಲೆಕ್ಸ್ ಬಿತ್ತು. ನಡುವೆ ವಿನಯ, ಆಕಾಶದಷ್ಟು ದೊಡ್ಡವನು. ಕೊನೆಯ ಸಾಲಿನ ಮೂಲೆಯಲ್ಲಿ, ಹಗ್ಗ ಕಟ್ಟುವ ತೂತಿನ ಪಕ್ಕ, ನನ್ನ ಮುಖ. ನೂರು ತುಂಬಲು ನಾನೂ ಬೇಕಾಗಿದ್ದೆ. ಅವ್ವ ಅದರ ಮುಂದೆ ನಿಂತು ತುಂಬ ಹೊತ್ತು ನೋಡಿದಳು.

"ಬಾರೋ ಪವನ್, ಯಾಕೆ ಅಲ್ಲೇ ಕೂತ್ಬಿಟ್ಟೆ?"

ಮೇಡಂ ಬಾಗಿಲಿಗೇ ಬಂದು ಕರೆದರು. ಕೂದಲು ಸ್ವಲ್ಪ ಬೆಳ್ಳಗಾಗಿದೆ. ಒಳಗೆ ಕುರ್ಚಿ ಕೊಟ್ಟು, ಕಾಫಿ ತರಿಸಿ, "ಎಷ್ಟು ತುಂಟ ಇದ್ದೆ ನೀನು! ನನಗೆ ಅವತ್ತೇ ಗೊತ್ತಿತ್ತು, ಈ ಹುಡುಗನಲ್ಲಿ ಏನೋ ಇದೆ ಅಂತ" ಅಂದರು. ಸುಳ್ಳು ಹೇಳುತ್ತಿರಲಿಲ್ಲ, ಅದೇ ಇನ್ನೂ ಕೆಟ್ಟದು. ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿತ್ತು.

"ಅಪ್ಪ ಇಲ್ಲಿ ಆಚೆ ಕೂತಿದ್ರಲ್ಲ ಮೇಡಂ, ನೆನಪಿದ್ಯಾ?"

"ಯಾವಾಗ? ತುಂಬಾ ಪೇರೆಂಟ್ಸ್ ಬರ್ತಾರಪ್ಪ." ಕೈ ಬೀಸಿದರು. "ಅದಿರ್ಲಿ, ವಾರ್ಷಿಕೋತ್ಸವಕ್ಕೆ ಯಾರ್ಯಾರ್ದು ಮಾಡ್ತೀಯ? ನಂದೂ ಮಾಡ್ತೀಯಂತೆ. ಮಾಡು, ನನಗೇನೂ ಬೇಜಾರಿಲ್ಲ. ಈಗ್ಲೇ ಒಂದು ಸ್ಯಾಂಪಲ್ ತೋರ್ಸು ನೋಡೋಣ!"

ಬರಲ್ಲ ಅಂತ ಹೇಳಬೇಕು ಅಂತ ಬಂದಿದ್ದೆ. ಮಾತು ಎಲ್ಲ ಸಿದ್ಧವಾಗಿತ್ತು. ಆದರೆ ಕೇಳಿದ ಮೇಲೆ ಕಲಾವಿದ ಇಲ್ಲ ಅನ್ನಬಾರದು. ಪಕ್ಕದ ಆಫೀಸಿನ ಕಡೆ ಕತ್ತು ತಿರುಗಿಸಿದೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ತಂದೆ.

"ಭಾಗ್ಯಾ, ಟೀಸೀ ಪುಸ್ತಕ ತಗೊಂಡ್ ಬಾ."

ಮೇಡಂ ಹೋ ಅಂತ ನಕ್ಕರು. ಅವರು ನಗುತ್ತಿರುವಾಗಲೇ ಆಚೆ ಬೀರು ತೆರೆದ ಸದ್ದು, ಬಳೆಯ ಸದ್ದು, ಚಪ್ಪಲಿಯ ಸದ್ದು. ಭಾಗ್ಯಕ್ಕ ಓಡಿ ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ತಲೆ ಎತ್ತದೆಯೇ ಕೇಳಿದಳು:

"ಈ ಸಲ ಯಾರ್ದು ಮೇಡಂ?"

ಮೇಡಂ ನಗು ಅರ್ಧಕ್ಕೆ ನಿಂತಿತು. ಅವರು ಪುಸ್ತಕ ನೋಡಿದರು, ಭಾಗ್ಯಕ್ಕನನ್ನು ನೋಡಿದರು, ನನ್ನ ಕಡೆ ಮಾತ್ರ ನೋಡಲಿಲ್ಲ. ನಾನು ಕಾಫಿ ಮುಟ್ಟದೆ ಎದ್ದೆ. ಭಾಗ್ಯಕ್ಕ ಇನ್ನೂ ಪೆನ್ನು ಹಿಡಿದು ಕಾಯುತ್ತಿದ್ದಳು.

ಗೇಟಿನ ಆಚೆ ಅಪ್ಪ ಸ್ಕೂಟರಿನ ಮೇಲೆ ಕೂತಿದ್ದ, ಒಂದು ಕಾಲು ನೆಲಕ್ಕೆ, ಇನ್ನೊಂದು ಕುಣಿಯುತ್ತ.

"ಏನಂದ್ರಲೇ?"

"ಮಿಮಿಕ್ರಿ ಮಾಡು ಅಂದ್ರು."

"ಮಾಡ್ತೀನಿ ಅಂದ್ಯಾ?"

"ಮಾಡೇ ಬಂದೆ" ಅಂದೆ, ಹಿಂದೆ ಹತ್ತಿ ಕೂತೆ.